ಕಾಡಿಗೂ ಹಿತ್ತಲಿಗೂ ಒಂದೇ ಲೆನ್ಸ್ ಸಾಕೆ?

ಪ್ರಶ್ನೆ: ನನ್ನಲ್ಲಿ ಕ್ರಾಪ್ ಸೆನ್ಸರ್ ಕ್ಯಾಮೆರಾ ಇದೆ, ಜೊತೆಗೆ 18-55 ಮತ್ತು 55-250 ಲೆನ್ಸ್‌ಗಳಿವೆ. ಕಾಡುಪ್ರಾಣಿ, ಹಕ್ಕಿಗಳಿಗೂ ಹಿತ್ತಲಿನ ಹೂವು, ಚಿಟ್ಟೆಗಳಿಗೂ ಒದಗುವ ಒಂದೇ ಲೆನ್ಸ್ ಬೇಕು. 150-600 ಕೊಳ್ಳಲೆ?
— ಓದುಗರೊಬ್ಬರು, ಶಿರಸಿ

ಉತ್ತರ: ಸದ್ಯಕ್ಕೆ ಬೇಡ. ಯಾಕೆಂದು ಒಂದು ಮಿಂಚುಳ್ಳಿಯ ಲೆಕ್ಕ ಹಾಕಿ ನೋಡೋಣ. ಹಕ್ಕಿ ಸುಮಾರು 16 ಸೆಂ.ಮೀ. ಉದ್ದ, ನಿಮ್ಮಿಂದ 20 ಮೀಟರ್ ದೂರದಲ್ಲಿ ಕೂತಿದೆ. 250 ಮಿ.ಮೀ. ಲೆನ್ಸ್‌ನಲ್ಲಿ ಸೆನ್ಸರ್ ಮೇಲೆ ಬೀಳುವ ಬಿಂಬ ಬರೀ 2 ಮಿ.ಮೀ. ಸೆನ್ಸರ್‌ನ ಅಗಲ 22-23 ಮಿ.ಮೀ. 600ಕ್ಕೆ ಹೋದರೂ ಬಿಂಬ 5 ಮಿ.ಮೀ. ದಾಟುವುದಿಲ್ಲ. ಅದೇ ಹಕ್ಕಿಗೆ ಹೆದರಿಕೆಯಾಗದಂತೆ, ಪೊದೆಯ ಮರೆಯಲ್ಲಿ ಕೂತು 10 ಮೀಟರ್‌ಗೆ ಬಂದರೆ ನಿಮ್ಮ 250ರಲ್ಲೇ 4 ಮಿ.ಮೀ. ಸಿಗುತ್ತದೆ. ತಾಳ್ಮೆಗೆ ದುಡ್ಡು ಕೊಡಬೇಕಿಲ್ಲ. ರಂಗನತಿಟ್ಟಿನಲ್ಲಂತೂ ದೋಣಿ ಬಂಡೆಗಳ ಹತ್ತಿರವೇ ಸಾಗುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ 250 ಧಾರಾಳ.

ಸಫಾರಿಯ ಮಾತು ಬೇರೆ. ಅಲ್ಲಿ ಜೀಪಿನಿಂದ ಇಳಿಯುವಂತಿಲ್ಲ, ಉದ್ದದ ಲೆನ್ಸ್ ಬೇಕೇ ಬೇಕು. ಆದರೆ 150-600ರ ತುದಿಯಲ್ಲಿ ಅಪರ್ಚರ್ ಸಾಮಾನ್ಯವಾಗಿ ಎಫ್/6.3. ಎಫ್/2.8 ಲೆನ್ಸ್ ಒಳಬಿಡುವ ಬೆಳಕಿನ ಐದನೇ ಒಂದು ಪಾಲಷ್ಟೇ. ಮುಂಜಾನೆಯ ಮಬ್ಬಿನಲ್ಲಿ ಐಎಸ್‌ಒ ಏರಿಸಲೇಬೇಕು, ಚಿತ್ರದಲ್ಲಿ ಕಾಳುಕಾಳು ಬರುತ್ತದೆ. ಎರಡು ಕಿಲೋ ಆಸುಪಾಸಿನ ತೂಕಕ್ಕೆ ಜೀಪಿನ ಕಂಬಿಯ ಮೇಲೆ ರಾಗಿ ತುಂಬಿದ ಚೀಲ ಇಟ್ಟುಕೊಳ್ಳಿ, ಟ್ರೈಪಾಡ್‌ಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಮಾತು: ಹೀಗೆ 600 ಹಿಡಿದು ಕೂತಿದ್ದಾಗ ಆನೆಯೊಂದು ರಸ್ತೆಗೇ ಬಂತು. ನನಗೆ ಸಿಕ್ಕಿದ್ದು ಅದರ ಒಂದು ಕಿವಿ! ವರ್ಷಕ್ಕೆ ಒಂದೆರಡು ಸಲ ಕಾಡಿಗೆ ಹೋಗುವವರು ಈ ಲೆನ್ಸನ್ನು ಬಾಡಿಗೆಗೆ ತರುವುದೇ ಜಾಣತನ.

ಹಿತ್ತಲಿಗೆ ಬನ್ನಿ. ಇಲ್ಲಿ ಬೇಕಾದದ್ದು ಹತ್ತಿರ ಹೋಗುವ ಶಕ್ತಿ. 150-600ಗಳು ಸಾಮಾನ್ಯವಾಗಿ ಎರಡು ಮೀಟರ್‌ಗಿಂತ ಹತ್ತಿರದ್ದನ್ನು ಫೋಕಸ್ ಮಾಡುವುದಿಲ್ಲ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದಿರುವ, ಮುಂದೆ ಕಪ್ಪು ಚಿಟ್ಟೆಯಾಗುವ ಪುಟ್ಟ ಹುಳುವಿಗೆ ಅದು ಪ್ರಯೋಜನಕ್ಕಿಲ್ಲ. ಅದಕ್ಕೆ 100 ಮಿ.ಮೀ. ಆಸುಪಾಸಿನ ಮ್ಯಾಕ್ರೋ ಬೇಕು: 1:1 ಅಂದರೆ ಒಂದು ಸೆಂ.ಮೀ. ಹುಳು ಸೆನ್ಸರ್ ಮೇಲೂ ಒಂದು ಸೆಂ.ಮೀ. ಲೆನ್ಸ್‌ನ ಮೂತಿಗೂ ಹುಳುವಿಗೂ ನಡುವೆ ಒಂದು ಗೇಣಿನೊಳಗೆ ಅಂತರ ಉಳಿಯುತ್ತದೆ. 60ರ ಮ್ಯಾಕ್ರೋ ಅಗ್ಗವಾದರೂ ಅದರಲ್ಲಿ ಇನ್ನೂ ಹತ್ತಿರ ಹೋಗಬೇಕು. ನಿಮ್ಮ ನೆರಳೇ ಹುಳುವಿನ ಮೇಲೆ ಬೀಳುತ್ತದೆ, ಚಿಟ್ಟೆಯಾದರೆ ಹಾರಿಹೋಗುತ್ತದೆ. 1:1ರಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಮೂಡುವುದು ಹೆಚ್ಚೆಂದರೆ ಒಂದು ಮಿ.ಮೀ. ದಪ್ಪ. ಕಣ್ಣಿಗೆ ಫೋಕಸ್ ಮಾಡಿ, ಗಾಳಿ ನಿಲ್ಲುವವರೆಗೆ ಕಾಯಿರಿ.

ಮ್ಯಾಕ್ರೋ ಕೊಳ್ಳುವ ಮುಂಚೆ ಒಂದು ಅಗ್ಗದ ದಾರಿ ಇದೆ: ಎಕ್ಸ್‌ಟೆನ್ಶನ್ ಟ್ಯೂಬ್. ಒಳಗೆ ಗಾಜೇ ಇಲ್ಲದ ಬರೀ ಕೊಳವೆ. ನಿಮ್ಮ 18-55 ಲೆನ್ಸನ್ನು 55ಕ್ಕೆ ಇಟ್ಟು, ಕ್ಯಾಮೆರಾಕ್ಕೂ ಲೆನ್ಸ್‌ಗೂ ನಡುವೆ 25 ಮಿ.ಮೀ. ಟ್ಯೂಬ್ ಹಾಕಿದರೆ ಹುಳುವಿನ ಅರ್ಧದಷ್ಟು ಗಾತ್ರದ ಬಿಂಬ ಸಿಗುತ್ತದೆ. ವಿದ್ಯುತ್ ಸಂಪರ್ಕವಿರುವ ಟ್ಯೂಬನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಕ್ಯಾಮೆರಾದಿಂದ ಅಪರ್ಚರ್ ಬದಲಿಸಲಾಗದು. ಮತ್ತೆ, ಅದನ್ನು ಹಾಕಿಕೊಂಡು ತೆಂಗಿನ ಮರದ ತುದಿಯ ಗಿಳಿಗೆ ಗುರಿಯಿಟ್ಟು, ಫೋಕಸ್ ಆಗುತ್ತಿಲ್ಲವೆಂದು ಅಂಗಡಿಗೆ ವಾಪಸ್ ಒಯ್ಯಬೇಡಿ. ಟ್ಯೂಬ್ ಹಾಕಿದ ಲೆನ್ಸ್ ದೂರದ್ದನ್ನು ಫೋಕಸ್ ಮಾಡುವುದೇ ಇಲ್ಲ.