ವಾಲ್ಡನ್ನಿನ ಲೆಕ್ಕ: ಪುರುಷತ್ವ, ಬಿಡುಗಡೆ ಮತ್ತು ಬಾರದ ಬಿಲ್ಲು

ಕೊಳ್ಳುಬಾಕ ಸಂಸ್ಕೃತಿಯನ್ನು ಕುರಿತ ಚರ್ಚೆಗಳಲ್ಲಿ ಹೆನ್ರಿ ಡೇವಿಡ್ ಥೋರೋನ ಹೆಸರು ಸಾಮಾನ್ಯವಾಗಿ ಗಾಂಧೀಜಿಯವರ ಹೆಸರಿನೊಡನೆಯೇ ಬರುತ್ತದೆ. ಆದರೆ 1854ರಲ್ಲಿ ಪ್ರಕಟವಾದ ಅವನ 'ವಾಲ್ಡನ್' ಕೇವಲ ಸರಳ ಬದುಕಿನ ಕೈಪಿಡಿಯಲ್ಲ. ಗಂಡಸೆಂದರೆ ಯಾರು ಎಂಬುದಕ್ಕೆ ಅಂದಿನ ಅಮೆರಿಕ ಒಪ್ಪಿಕೊಂಡಿದ್ದ ಉತ್ತರದೊಡನೆ ಅದು ಹೂಡಿದ ಜಗಳವೂ ಹೌದು.

ದುಡಿದು ಆಸ್ತಿ ಗಳಿಸಿ, ಮನೆ ಕಟ್ಟಿ, ಹೆಂಡತಿ ಮಕ್ಕಳನ್ನು ಸಾಕುವವನೇ ಗಂಡಸು ಎಂಬುದು ಆ ಉತ್ತರ. ಥೋರೋ ಇದನ್ನು ತಲೆಕೆಳಗು ಮಾಡುತ್ತಾನೆ. ಹೊಲ, ಮನೆ, ಕೊಟ್ಟಿಗೆಗಳನ್ನು ಪಿತ್ರಾರ್ಜಿತವಾಗಿ ಪಡೆದ ಕಾಂಕರ್ಡಿನ ತರುಣರು ಅವನ ಕಣ್ಣಿಗೆ ಒಡೆಯರಲ್ಲ, ಹೊರೆಯಾಳುಗಳು. 1845ರ ಜುಲೈ 4ರಂದು ವಾಲ್ಡನ್ ಕೊಳದ ದಡದಲ್ಲಿ, ಎಮರ್ಸನ್ನನ ಜಮೀನಿನಲ್ಲಿ ತಾನೇ ಕಟ್ಟಿಕೊಂಡ ಮನೆಯನ್ನು ಅವನು ಸೇರಿದ. ಅಲ್ಲಿದ್ದುದು ಎರಡು ವರ್ಷ ಎರಡು ತಿಂಗಳು. ಮನೆಗೆ ತಗುಲಿದ ವೆಚ್ಚ 28 ಡಾಲರ್ 12½ ಸೆಂಟ್. ವರ್ಷಕ್ಕೆ ಆರು ವಾರ ಮೈಮುರಿದು ದುಡಿದರೆ ಹೊಟ್ಟೆಬಟ್ಟೆಗೆ ಸಾಕೆಂದು ಅವನು ಕಂಡುಕೊಂಡ. ಅವನ ಲೆಕ್ಕದಲ್ಲಿ ವಸ್ತುವಿನ ಬೆಲೆಯೆಂದರೆ ಅದಕ್ಕಾಗಿ ತೆತ್ತ ಆಯುಷ್ಯ. ವಸ್ತುವನ್ನು ನಿರಾಕರಿಸಿದವನು ಆಯುಷ್ಯವನ್ನು ಮರಳಿ ಪಡೆಯುತ್ತಾನೆ.

ಈ ವಾದದ ಬಿರುಕು ಕಾಣುವುದು 'ಬೇಕರ್ ಫಾರ್ಮ್' ಅಧ್ಯಾಯದಲ್ಲಿ. ಮಳೆಗೆ ಸಿಕ್ಕಿದ ಥೋರೋ ಐರಿಶ್ ಕೂಲಿಕಾರ ಜಾನ್ ಫೀಲ್ಡನ ಗುಡಿಸಲನ್ನು ಸೇರುತ್ತಾನೆ. ನೆರೆಯ ರೈತನ ಜೌಗು ನೆಲವನ್ನು ಅಗೆದು ಸಂಸಾರ ನಡೆಸುವ ಆ ಮನುಷ್ಯನಿಗೆ, ಚಹಾ, ಕಾಫಿ, ಬೆಣ್ಣೆ, ಹಾಲು, ಮಾಂಸವನ್ನು ಬಿಟ್ಟರೆ ಇಷ್ಟು ದುಡಿಯಬೇಕಿಲ್ಲವೆಂದು ಬುದ್ಧಿ ಹೇಳುತ್ತಾನೆ. ಮದುವೆಯಾಗದವನೊಬ್ಬ ಹಾಲು ಬೇಡವೆನ್ನುತ್ತಿರುವುದು ಹಸುಗೂಸಿರುವ ಮನೆಯಲ್ಲಿ! ಫೀಲ್ಡ್ ನಿಟ್ಟುಸಿರು ಬಿಡುತ್ತಾನೆ. ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ದಿಟ್ಟಿಸುತ್ತಾಳೆ. ಈ ಉಪದೇಶಕ್ಕೆ ಅವಳ ಉತ್ತರವೇನೆಂಬುದು ಕೃತಿಯಲ್ಲಿಲ್ಲ.

ಥೋರೋನ ಖರ್ಚಿನ ಪಟ್ಟಿಯಲ್ಲಿಯೂ ಇಂಥದೇ ಒಂದು ಮೌನವಿದೆ. ಬಟ್ಟೆಯ ಒಗೆತ, ತೇಪೆಯ ಕೆಲಸ ಬಹುಪಾಲು ಹೊರಗೆ ನಡೆಯಿತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂದು ಅವನು ಬರೆಯುತ್ತಾನೆ. ಇದನ್ನು ಹಿಡಿದು ಅವನನ್ನು ಗೇಲಿ ಮಾಡುವುದು ಸುಲಭ, ಅಷ್ಟೇ ಅಗ್ಗವೂ ಹೌದು. ಆ ಬಾಬ್ತನ್ನು ಅವನು ಮುಚ್ಚಿಟ್ಟಿಲ್ಲ. ಆದರೂ ಅನ್ನಸಂಪಾದಕನ ನೊಗವನ್ನು ಕಳಚಿಕೊಂಡ ಗಂಡಸಿನ ಸ್ವಾತಂತ್ರ್ಯಕ್ಕೆ ಬೇರೆಯವರ ದುಡಿಮೆ ಆಸರೆಯಾಗಿ ನಿಂತಿತ್ತೆಂಬುದನ್ನು ಆ ಒಂದೇ ವಾಕ್ಯ ಹೇಳಿಬಿಡುತ್ತದೆ.

'ಎಷ್ಟು ಸಾಕು' ಎಂಬ ಇದೇ ಪ್ರಶ್ನೆ ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗದಲ್ಲಿ ಬೇರೆಯೇ ಬಗೆಯಲ್ಲಿ ಎದ್ದಿದೆ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದು ಆಸೆಯೆಂದು ಗದರಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದವಳು ಲಕ್ಕಮ್ಮ. ಇಲ್ಲಿಯೂ ತರುವವನು ಗಂಡ, ಅಡುವವಳು ಹೆಂಡತಿ; ಆ ವಿಭಜನೆಯೇನೂ ಅಳಿದಿಲ್ಲ. ಆದರೆ ಮಿತಿಯನ್ನು ಗೊತ್ತುಮಾಡುವವಳು ದಿನವೂ ಆ ಅಕ್ಕಿಯನ್ನು ಅಳೆದು ಅಟ್ಟವಳು. ಜಾನ್ ಫೀಲ್ಡನ ಹೆಂಡತಿಯನ್ನು ಥೋರೋ ಆ ಪ್ರಶ್ನೆ ಕೇಳಲಿಲ್ಲ.