ಶ್ರೀರಂಗಪಟ್ಟಣದ ಸೆರೆವಾಸ

ಈ ಪಾಠಕ್ಕಾಗಿ ಎಸ್ತೇರಳ ಗ್ರಂಥದ 3ನೆಯ ಮತ್ತು 4ನೆಯ ಅಧ್ಯಾಯಗಳನ್ನು ಓದತಕ್ಕದ್ದು. ಮೊರ್ದೆಕೈ ಎಂಬವನೊಬ್ಬನು ಹಾಮಾನನಿಗೆ ಅಡ್ಡಬೀಳಲಿಲ್ಲ. ಅದರಿಂದ ಸಿಟ್ಟುಗೊಂಡ ಹಾಮಾನನು ಆ ಒಬ್ಬನನ್ನು ದಂಡಿಸುವದು ಸಾಲದೆಂದೆಣಿಸಿ, ಅವನ ಜನರೆಲ್ಲರನ್ನೂ ನಿರ್ಮೂಲಮಾಡುವದಕ್ಕೆ ಅರಸನಿಂದ ಅಪ್ಪಣೆ ಪಡೆದನು. ಅರಸನ ಮುಂದೆ ಅವನು ಇಟ್ಟ ದೂರನ್ನು ನಿಧಾನವಾಗಿ ಓದಿರಿ. ಇವರ ಕಟ್ಟಳೆ ಬೇರೆ, ಇವರನ್ನು ನಂಬಲಾಗದು ಎಂಬದೇ ಅದರ ಸಾರವು.

ಪ್ರಿಯ ಸಹೋದರ ಸಹೋದರಿಯರೇ, ಇಂಥಾ ದೂರು ನಮ್ಮ ನಾಡಿನಲ್ಲಿಯೂ ಕ್ರೈಸ್ತರ ಮೇಲೆ ಬಂದದ್ದುಂಟು. ಜಿಗಣಿ, ಆನೇಕಲ್ಲುಗಳ ಕಡೆಯಿಂದ ಮೈಸೂರಿಗೆ ಹೋಗಿಬಂದ ನಮ್ಮ ಸಭೆಯವರು ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿರುವರು. ಆ ಊರು ಸಾವಿರಾರು ಕ್ರೈಸ್ತರಿಗೆ 15 ವರುಷಗಳ ಸೆರೆಯಾಗಿತ್ತೆಂಬದು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ.

ಅವರು ಮಂಗಳೂರು ಸೀಮೆಯ ರೋಮನ್ ಕಥೋಲಿಕರು. ಅವರ ಹಿರಿಯರು ಗೋವೆಯಿಂದ ಬಂದು, ಕೆಳದಿಯ ನಾಯಕರ ಆಶ್ರಯದಲ್ಲಿ ಭೂಮಿಯನ್ನು ಪಡೆದು ಬೇಸಾಯಮಾಡಿಕೊಂಡಿದ್ದರು. ಪ್ರೊಟೆಸ್ಟಂಟ್ ಸಭೆಯು ಆಗ ಆ ಸೀಮೆಯಲ್ಲಿ ಇರಲೇ ಇಲ್ಲ; ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆದರೂ ಇವರ ಕಥೆಯನ್ನು ಪರರ ಕಥೆಯೆಂದು ನಾವು ಬದಿಗಿಡಲಾರೆವು.

1783ರಲ್ಲಿ ಇಂಗ್ಲಿಷರ ಸೇನಾಪತಿಯಾದ ಮ್ಯಾಥ್ಯೂಸನು ಮಂಗಳೂರನ್ನು ಹಿಡಿದನು. ಟಿಪ್ಪು ಸುಲ್ತಾನನು ಬಹು ತಿಂಗಳು ಮುತ್ತಿಗೆ ಹಾಕಿ, 1784ರ ಆರಂಭದಲ್ಲಿ ಕೋಟೆಯನ್ನು ತಿರಿಗಿ ಪಡೆದನು. ಕ್ರೈಸ್ತರು ಶತ್ರುವಿಗೆ ಸಹಾಯಮಾಡಿದರೆಂಬ ಸಂಶಯವು ಅವನಿಗಿತ್ತು. ಕೆಲವರು ಮಾಡಿದ್ದರೆಂದೇ ಇಟ್ಟುಕೊಳ್ಳೋಣ. ತೊಟ್ಟಿಲ ಕೂಸು ಯಾರಿಗೆ ಸಹಾಯಮಾಡೀತು? ಆ ವರುಷದ ಬೂದಿ ಬುಧವಾರದಂದು ಅವರನ್ನೆಲ್ಲಾ ಹಿಡಿಯುವ ಕೆಲಸವು ಆರಂಭವಾಯಿತೆಂದು ಅವರ ಸಂತತಿಯವರು ಇಂದಿಗೂ ನೆನಸುತ್ತಾರೆ. ಪಾದ್ರಿಗಳು ರಾಜ್ಯದಿಂದ ಹೊರಡಿಸಲ್ಪಟ್ಟರು, ದೇವಾಲಯಗಳು ಕೆಡವಲ್ಪಟ್ಟವು, ಗಂಡಸರೂ ಹೆಂಗಸರೂ ಮಕ್ಕಳೂ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಅವರ ಸಂಖ್ಯೆಯನ್ನು ಕೆಲವರು 30,000 ಎಂತಲೂ ಕೆಲವರು 60,000 ಎಂತಲೂ ಬರೆದಿದ್ದಾರೆ. ದಾರಿಯಲ್ಲಿಯೇ ಸತ್ತವರು ಬಹು ಮಂದಿ. ಉಳಿದವರಲ್ಲಿ ಅನೇಕರಿಗೆ ಬಲಾತ್ಕಾರದಿಂದ ಸುನ್ನತಿಮಾಡಿಸಿ, ಯೌವನಸ್ಥರನ್ನು ದಂಡಿಗೆ ಸೇರಿಸಿದರು.

ಮೂಡಬಿದರೆಯ ಹತ್ತಿರ ಒಂದು ದೇವಾಲಯವು ಮಾತ್ರ ಉಳಿಯಿತು. ಅಲ್ಲಿಯ ಚೌಟ ಅರಸನು ಅದಕ್ಕಾಗಿ ಸುಲ್ತಾನನನ್ನು ಬೇಡಿಕೊಂಡನಂತೆ. ಚೌಟರು ಜೈನರು. ಎಸ್ತೇರಳು ತನ್ನ ಸ್ವಜನರಿಗಾಗಿ ಅರಸನ ಮುಂದೆ ನಿಂತಳು. ಇವನಾದರೋ ತನ್ನ ಮತದವರಲ್ಲದವರಿಗಾಗಿ ನಿಂತನು. ಸುವಾರ್ತೆಯನ್ನು ಕೇಳದ ನೆರೆಯವರಲ್ಲಿ ಒಳ್ಳೇದೇನೂ ಇಲ್ಲವೆಂದು ನಮ್ಮವರಲ್ಲಿ ಕೆಲವರು ಸುಲಭವಾಗಿ ಹೇಳುವದುಂಟು. ಅವರು ಇದನ್ನು ಓದಲಿ.

ಇಲ್ಲಿ ಮತ್ತೊಂದು ಮಾತು ಹೇಳದೆ ಹೋಗಕೂಡದು. ಕೊಡಗರೂ ನಾಯರರೂ ಇದೇ ಸುಲ್ತಾನನಿಂದ ಸೆರೆಗೆ ಒಯ್ಯಲ್ಪಟ್ಟರು. ಆದರೆ 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠವನ್ನು ಸುಲಿದಾಗ, ಅಲ್ಲಿಯ ಗುರುಗಳಿಗೆ ಗೌರವದಿಂದ ಕಾಗದ ಬರೆದು ಹಣ ಕಳುಹಿಸಿದವನೂ ಇವನೇ. ಯಾರ ಮೇಲೆ ದ್ರೋಹದ ಸಂಶಯ ಬಂತೋ ಅವರ ಕುಲವನ್ನೆಲ್ಲಾ ಹಿಂಡುವದು ಅವನ ರಾಜನೀತಿಯಾಗಿತ್ತೆಂದು ನಮಗೆ ತೋರುತ್ತದೆ. ಹೀಗಿರಲಾಗಿ, ಈ ಕಥೆಯನ್ನು ಕೇಳಿ, ನಮ್ಮ ಬೀದಿಯಲ್ಲಿ ಅಂಗಡಿಯಿಟ್ಟಿರುವ ಅಥವಾ ಕಾರ್ಖಾನೆಯಲ್ಲಿ ನಮ್ಮ ಪಕ್ಕದಲ್ಲಿ ದುಡಿಯುವ ಮುಸಲ್ಮಾನನ ಮೇಲೆ ಯಾವನಾದರೂ ಮುಖ ಗಂಟಿಕ್ಕಿದರೆ, ಅವನು ಹಾಮಾನನ ಪಾಠವನ್ನೇ ಕಲಿತವನಾಗುವನು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿತ್ತು, ಸುಲ್ತಾನನು ಯುದ್ಧದಲ್ಲಿ ಸತ್ತನು, ಸೆರೆಯವರು ಬಿಡುಗಡೆ ಹೊಂದಿದರು. ಸಾವಿರಾರು ಮಂದಿ ಘಟ್ಟವಿಳಿದು ಊರಿಗೆ ಹೋದರು. ಅವರ ಹೊಲಗದ್ದೆಗಳಲ್ಲಿ ಬೇರೆಯವರು ಕೂತಿದ್ದರು. ಅಲ್ಲಿಯ ಮೊದಲನೆಯ ಕಲೆಕ್ಟರನಾದ ಮನ್ರೋ ಎಂಬವನ ಸಹಾಯದಿಂದ ಕೆಲವರಿಗೆ ಭೂಮಿಯು ಹಿಂದಕ್ಕೆ ಸಿಕ್ಕಿತು.

ಸೆರೆಯಲ್ಲಿ ಗುಟ್ಟಾಗಿ ಪ್ರಾರ್ಥಿಸಿ ನಂಬಿಕೆಯನ್ನು ಕಾಪಾಡಿಕೊಂಡವರಿದ್ದರು. ಕತ್ತಿಗೆ ಹೆದರಿ ಬಿಟ್ಟವರೂ ಇದ್ದರು. ಫ್ರಾನ್ಸ್ ದೇಶದ ಅಬ್ಬೆ ದುಬ್ವಾ ಎಂಬ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದು, ಹೀಗೆ ಬಿಟ್ಟುಹೋಗಿದ್ದವರನ್ನು ಹುಡುಕಿ ತಿರಿಗಿ ಸಭೆಗೆ ಸೇರಿಸಿಕೊಂಡನು. ನಮ್ಮ ಹಳ್ಳಿಗಳಲ್ಲಿಯೂ ಜಾತಿಯವರ ಬೆದರಿಕೆಗೋ ಮನೆಯವರ ಕಣ್ಣೀರಿಗೋ ಸೋತು ಆರಾಧನೆಯನ್ನು ಬಿಟ್ಟವರಿದ್ದಾರೆ. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತಾ ಕರ್ತನನ್ನು ಅರಿಯೆನೆಂದ ಸಂಗತಿಯನ್ನೂ, ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನೂ ಸಭೆಯ ಹಿರಿಯರು ಮುಂದಿನ ಕೂಟದಲ್ಲಿ ಓದಿಸಿ, ಅಂಥವರಲ್ಲಿ ಯಾರ ಮನೆಗೆ ಮೊದಲು ಹೋಗಬೇಕೆಂದು ಮಾತಾಡಿಕೊಳ್ಳಲಿ.