ಮರದ ಬೀಜಗಳ ಶೈತ್ಯ ಶೇಖರಣೆ: ಮೊದಲು ಒಣಗಿಸಿರಿ, ಅನಂತರ ತಂಪಿನಲ್ಲಿಡಿರಿ

ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗಗಳಲ್ಲಿ ಹೊಲದ ಬದುವಿನ ಮೇಲೂ ಊರ ಅಂಚಿನಲ್ಲೂ ಹುಣಸೆ, ಬೇವು, ಜಾಲಿ, ಬನ್ನಿ ಮರಗಳನ್ನು ಕಾಣುತ್ತೇವೆ. ಬಿರುಬೇಸಿಗೆಯನ್ನೂ ಮಳೆಯ ಅಭಾವವನ್ನೂ ತಾಳಿ ನಿಂತ ಮರಗಳಿವು. ರಸ್ತೆ, ಕಲ್ಲುಗಣಿ ಅಥವಾ ಸೌದೆಗಾಗಿ ಹಳೆಯ ಮರವೊಂದನ್ನು ಕಡಿದರೆ ಈ ನೆಲಕ್ಕೆ ಒಗ್ಗಿದ ಗುಣವೂ ಅದರೊಂದಿಗೆ ಹೋಗುತ್ತದೆ. ಹುಣಸೆಯನ್ನು ಬೀಜದಿಂದ ಬೆಳೆಸಿದರೆ ಕಾಯಿ ಬಿಡಲು ಸಾಮಾನ್ಯವಾಗಿ 7-10 ವರ್ಷ ಬೇಕು. ಆದುದರಿಂದ ಒಳ್ಳೆಯ ತಾಯಿಮರಗಳ ಬೀಜವನ್ನು ಕಾಪಾಡುವ ಕ್ರಮವನ್ನು ರೈತರು ತಿಳಿದಿರುವುದು ಅವಶ್ಯ.

ತಂಪಿನಿಂದ ಆಗುವ ಲಾಭ

ಬೀಜವು ಜೀವಂತ ವಸ್ತು. ಅದು ಸದಾ ನಿಧಾನವಾಗಿ ಉಸಿರಾಡುತ್ತಿರುತ್ತದೆ. ಶಾಖ ಮತ್ತು ತೇವ ಹೆಚ್ಚಿದಂತೆ ಉಸಿರಾಟ ಹೆಚ್ಚಿ, ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಬೀಜದ ತೇವಾಂಶ ಶೇಕಡಾ 1ರಷ್ಟು ಕಡಿಮೆಯಾದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ; ಉಷ್ಣತೆ 5° ಸೆಂ. ಇಳಿದರೂ ಹಾಗೆಯೇ. ಇದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಕೊಟ್ಟ ಸ್ಥೂಲ ಲೆಕ್ಕ. ಇದರಂತೆ 35° ಸೆಂ.ನಲ್ಲಿರುವ ಒಣ ಬೀಜವನ್ನು 5° ಸೆಂ.ಗೆ ತಂದರೆ ಆಯುಷ್ಯ ಆರು ಬಾರಿ ಇಮ್ಮಡಿಸಿ 64 ಪಟ್ಟಾಗುತ್ತದೆ.

ಇದೇ ತತ್ವದ ಮೇಲೆ ಹೊಸದಿಲ್ಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ತನ್ನ ಜೀನ್ ಬ್ಯಾಂಕಿನಲ್ಲಿ ಒಣ ಬೀಜಗಳನ್ನು ಸುಮಾರು -18° ಸೆಂ. ಶೈತ್ಯದಲ್ಲಿ ಕಾಪಾಡುತ್ತದೆ. ಇಂಗ್ಲೆಂಡಿನ ವೇಕ್‌ಹರ್ಸ್ಟ್‌ನಲ್ಲಿ 2000ರಲ್ಲಿ ಆರಂಭವಾದ ಮಿಲೇನಿಯಮ್ ಬೀಜ ಬ್ಯಾಂಕಿನಲ್ಲಿ ಕಾಡು ಗಿಡಮರಗಳ ಬೀಜಗಳನ್ನು -20° ಸೆಂ.ನಲ್ಲಿ ಇಡಲಾಗಿದೆ.

ಎಲ್ಲ ಬೀಜಗಳೂ ಒಂದೇ ಬಗೆಯಲ್ಲ

1973ರಲ್ಲಿ ರಾಬರ್ಟ್ಸ್ ಎಂಬ ವಿಜ್ಞಾನಿ ಬೀಜಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. 1990ರಲ್ಲಿ ಕಾಫಿ ಬೀಜದ ಅಧ್ಯಯನದಿಂದ ಮೂರನೆಯದು ಸೇರಿತು.

1. ಒಣಗನ್ನು ಸಹಿಸುವ ಬೀಜಗಳು: ಹುಣಸೆ, ಜಾಲಿ, ಬನ್ನಿ, ಬಾಗೆ, ಸುಬಾಬುಲ್, ತೇಗ. ಇವನ್ನು ಚೆನ್ನಾಗಿ ಒಣಗಿಸಿದ ಮೇಲೆ ಹೆಪ್ಪುಗಟ್ಟುವ ಶೈತ್ಯದಲ್ಲಿಡಬಹುದು.

2. ಒಣಗನ್ನು ಸಹಿಸದ ಬೀಜಗಳು: ಮಾವು, ಹಲಸು, ನೇರಳೆ. ಒಣಗಿಸಿದರೆ ಇವು ಸಾಯುತ್ತವೆ. ಹಸಿಯಾಗಿಯೇ ಶೈತ್ಯದಲ್ಲಿಟ್ಟರೂ ಸಾಯುತ್ತವೆ. ಹಣ್ಣಿನಿಂದ ತೆಗೆದ ಕೂಡಲೇ ಬಿತ್ತುವುದೇ ಮಾರ್ಗ.

3. ನಡುವಣ ಬೀಜಗಳು: ಬೇವು ಈ ಗುಂಪಿನದು. ಮಾಗಿದ ಹಣ್ಣಿನ ತಿರುಳನ್ನು ತಡಮಾಡದೆ ತೊಳೆದು ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು. ತೇವವಿರುವ ಬೇವಿನ ಬೀಜವನ್ನು ಫ್ರಿಜ್ಜಿನಲ್ಲಿಟ್ಟರೆ, ಹೆಪ್ಪುಗಟ್ಟದಿದ್ದರೂ, ಬರಿಯ ತಂಪಿನಿಂದಲೇ ಹಾನಿಯಾಗುತ್ತದೆ. ರೈತರು ಬೇವನ್ನು ಎರಡು-ಮೂರು ವಾರಗಳೊಳಗೆ ಬಿತ್ತುವುದೇ ಲೇಸು.

ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ವೀರ್ಯವನ್ನು ದ್ರವ ಸಾರಜನಕದ ಪಾತ್ರೆಯಲ್ಲಿ -196° ಸೆಂ.ನಲ್ಲಿ ಇಡುವುದನ್ನು ರೈತರು ಬಲ್ಲರು. ಎರಡು ಮತ್ತು ಮೂರನೆಯ ಗುಂಪಿನ ಅನೇಕ ಬೀಜಗಳ ಭ್ರೂಣವನ್ನು ಪ್ರಯೋಗಶಾಲೆಗಳಲ್ಲಿ ಇದೇ ರೀತಿ ಕಾಪಾಡಲು ಯತ್ನಿಸಲಾಗುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಶೈತ್ಯವು ಸಸಿಗೆ ಹಾನಿ ಮಾಡುವುದೇ?

ಚೆನ್ನಾಗಿ ಒಣಗಿದ ಮೊದಲ ಗುಂಪಿನ ಬೀಜಕ್ಕೆ ಹಾನಿಯಿಲ್ಲ. ಅದರಿಂದ ಬಂದ ಸಸಿ ಎಂದಿನಂತೆಯೇ ಬೆಳೆಯುತ್ತದೆ. ತಳಿಯ ಗುಣ ಬದಲಾಗುವುದಿಲ್ಲ. ಹಾನಿಯಾಗುವುದು ಈ ಕೆಳಗಿನ ಕಾರಣಗಳಿಂದ:

(ಅ) ಬೀಜದಲ್ಲಿ ತೇವ ಉಳಿದಿದ್ದರೆ ಅದು ಹರಳುಗಟ್ಟಿ ಜೀವಕೋಶಗಳ ಪೊರೆಯನ್ನು ಹರಿಯುತ್ತದೆ. ಬೀಜ ಸಾಯುತ್ತದೆ, ಇಲ್ಲವೆ ಬೇರಿನ ತುದಿ ಕಪ್ಪಾದ, ಕುಳ್ಳಾದ ಸಸಿ ಬರುತ್ತದೆ.

(ಆ) ಅತಿ ಒಣಗಿದ ಬೀಜವನ್ನು ಒಮ್ಮೆಲೇ ನೀರಿಗೆ ಹಾಕಿದರೆ ನೀರು ರಭಸದಿಂದ ಒಳನುಗ್ಗಿ ಭ್ರೂಣಕ್ಕೆ ಪೆಟ್ಟಾಗುತ್ತದೆ.

(ಇ) ಶೇಖರಣೆಯಲ್ಲಿ ಮುಪ್ಪಾದ ಬೀಜ ತಡವಾಗಿ ಮೊಳೆಯುತ್ತದೆ. ಸಸಿ ಬಡಕಲಾಗಿ ಮಡಿಯಲ್ಲೇ ಸಾಯಬಹುದು. ಮೊಳಕೆಯ ಪ್ರಮಾಣ ಮೊದಲಿದ್ದುದರ ಶೇಕಡಾ 85ಕ್ಕಿಂತ ಕೆಳಗಿಳಿದರೆ ಜೀನ್ ಬ್ಯಾಂಕುಗಳು ಹೊಸ ಬೀಜ ಪಡೆಯಲು ಮುಂದಾಗುವುದು ಇದರಿಂದಲೇ.

ಸಂಗ್ರಹಣೆ ಮತ್ತು ಒಣಗಿಸುವಿಕೆ

ಒಂದೇ ಮರದ ಬೀಜ ಸಾಲದು. ಸಾಧ್ಯವಾದರೆ 25-30 ಆರೋಗ್ಯವಂತ ಮರಗಳಿಂದ, ಒಂದಕ್ಕೊಂದು ಸುಮಾರು 100 ಮೀಟರ್ ದೂರವಿರುವಂತೆ ಆರಿಸಿ, ಪೂರ್ಣ ಬಲಿತ ಕಾಯಿಗಳನ್ನು ಸಂಗ್ರಹಿಸಿರಿ. ನೆನಪಿಡಿ: ಬೀಜದಿಂದ ಊರಿನ ಮರಗಳ ವಂಶ ಉಳಿಯುತ್ತದೆ. ಒಂದೇ ಹುಣಸೆ ಮರದ ವಿಶೇಷ ರುಚಿಯನ್ನು ಉಳಿಸಬೇಕಾದರೆ ಕಸಿ ಕಟ್ಟಬೇಕು.

ನಮ್ಮ ಭಾಗದ ಏಪ್ರಿಲ್-ಮೇ ತಿಂಗಳ ಒಣಹವೆ ಬೀಜ ಒಣಗಿಸಲು ಅನುಕೂಲ. ಆದರೆ ನಡುಹಗಲಿನಲ್ಲಿ ಕಾದ ಶಹಾಬಾದ ಫರ್ಸಿಯ ಮೇಲೆ ಬೀಜ ಹರಡಬಾರದು, ಭ್ರೂಣ ಬೆಂದುಹೋಗುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿರಿ. ಕೊನೆಗೆ ಬಟ್ಟೆಯ ಚೀಲದಲ್ಲಿ ಕಟ್ಟಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿರಿ.

ಎಷ್ಟು ಒಣಗಿತೆಂಬುದನ್ನು ತೂಕದಿಂದ ತಿಳಿಯಬಹುದು. ಉದಾಹರಣೆಗೆ, ಶೇಕಡಾ 12 ತೇವಾಂಶವಿರುವ 1,000 ಗ್ರಾಂ ಬೀಜದಲ್ಲಿ 880 ಗ್ರಾಂ ಒಣಪದಾರ್ಥವಿರುತ್ತದೆ. ತೇವಾಂಶ ಶೇಕಡಾ 6ಕ್ಕೆ ಬರಬೇಕಾದರೆ 880ನ್ನು 94ರಿಂದ ಭಾಗಿಸಿ 100ರಿಂದ ಗುಣಿಸಿರಿ. ಬೀಜ 936 ಗ್ರಾಂಗೆ ಇಳಿದಾಗ ಸಿದ್ಧವೆಂದು ತಿಳಿಯಿರಿ. ಮೊದಲಿನ ತೇವಾಂಶವನ್ನು ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಅಳೆಯಿಸಬೇಕು.

ಮನೆಯಲ್ಲಿ ಇಡುವ ಕ್ರಮ

ವಿದ್ಯುತ್ ಆಗಾಗ ಹೋಗುವ ಕಡೆ ಫ್ರಿಜ್ಜಿನ ಮಂಜಿನ ಗೂಡಿನಲ್ಲಿಟ್ಟ ಬೀಜ ಪದೇ ಪದೇ ಹೆಪ್ಪುಗಟ್ಟಿ ಕರಗುವ ಸಂಭವವಿದೆ. ಆದುದರಿಂದ ಕೆಲವು ವರ್ಷಗಳ ಅವಧಿಗೆ ಮೊದಲ ಗುಂಪಿನ ಒಣ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗೂಡಿನಲ್ಲಿಡುವುದು ಸಾಕು. ಮರದ ಹೆಸರು, ಊರು, ಸಂಗ್ರಹಿಸಿದ ತಿಂಗಳು, ವರ್ಷ ಬರೆದ ಚೀಟಿ ಒಳಗೂ ಹೊರಗೂ ಇರಲಿ.

ಹೊರತೆಗೆದಾಗ ಡಬ್ಬಿಯನ್ನು ಕೂಡಲೇ ತೆರೆಯಬೇಡಿ. ತಣ್ಣನೆಯ ಬೀಜದ ಮೇಲೆ ಗಾಳಿಯ ನೀರಾವಿ ಹನಿಗಟ್ಟುತ್ತದೆ. ಒಂದು ರಾತ್ರಿ ಕೋಣೆಯಲ್ಲಿಟ್ಟು ತೆರೆಯಿರಿ. ಬಿತ್ತುವ ಮುನ್ನ ಬೀಜವನ್ನು ನೀರಿಗೆ ತಾಗದಂತೆ, ಒದ್ದೆ ಬಟ್ಟೆಯಿರುವ ಮುಚ್ಚಿದ ಪಾತ್ರೆಯಲ್ಲಿ ಒಂದು ದಿನ ಇಡಿರಿ.

ಪರೀಕ್ಷಿಸಿ ನಂಬಿರಿ

ಒಂದೇ ಸಂಗ್ರಹದ ಬೀಜದಿಂದ ತಂಪಿನಲ್ಲಿಟ್ಟ 100 ಮತ್ತು ಹೊರಗಿಟ್ಟ 100 ಬೀಜಗಳನ್ನು ಅಕ್ಕಪಕ್ಕದ ಮಡಿಗಳಲ್ಲಿ ಬಿತ್ತಿರಿ. ಜಾಲಿ, ಸುಬಾಬುಲ್‌ನಂಥ ಗಟ್ಟಿ ಸಿಪ್ಪೆಯ ಬೀಜಗಳಾದರೆ ಎರಡನ್ನೂ, ಕುದಿಸಿ ಒಲೆಯಿಂದಿಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿರಿ. ಇಲ್ಲವಾದರೆ ನೀರು ಹೀರದೆ ಮಲಗಿದ ಬೀಜವನ್ನು ಸತ್ತ ಬೀಜವೆಂದು ತಪ್ಪಾಗಿ ಎಣಿಸಿದಂತಾಗುತ್ತದೆ. ಮೊಳೆತ ದಿನ, ಸಂಖ್ಯೆ, ವಿಕಾರ ಸಸಿಗಳು, 30ನೆಯ ದಿನದ ಎತ್ತರ ಇವನ್ನು ಬರೆದಿಡಿರಿ. ತಂಪಿನಲ್ಲಿಟ್ಟವು ಮಾತ್ರ ಕೆಟ್ಟಿದ್ದರೆ ಒಣಗಿಸಿದ್ದು ಸಾಲದೆಂದೂ, ಎರಡೂ ಕೆಟ್ಟಿದ್ದರೆ ಬೀಜವೇ ಮೊದಲು ಕೆಟ್ಟಿತ್ತೆಂದೂ ಸಾಮಾನ್ಯವಾಗಿ ತಿಳಿಯಬಹುದು.

ದೀರ್ಘಕಾಲದ ಶೇಖರಣೆಯ ಬಗೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಅರಣ್ಯ ಇಲಾಖೆಯ ಸಲಹೆ ಪಡೆಯಿರಿ. ಆದರೆ ಬೀಜ ಸಂಗ್ರಹಿಸುವ ಕೆಲಸಕ್ಕೆ ಕಾಯುವುದು ಬೇಡ. ಹಳೆಯ ಮರ ಕಡಿದ ಮೇಲೆ ಅದರ ಬೀಜ ಯಾವ ಶೀತಗೃಹದಲ್ಲೂ ಸಿಗದು.